ಕಿರು ಪರಮಾಣು ಸ್ಥಾವರಗಳು: ಒಂದು ಪೂರ್ವೇತಿಹಾಸ

ಕಿರು ಪರಮಾಣು ಸ್ಥಾವರವು ನೂತನ ಕಲ್ಪನೆಯೆಂಬ ಭಾವನೆಯು ಇಂದು ಪ್ರಚಲಿತವಾಗಿದೆ. ಇತಿಹಾಸವು ಇದನ್ನು ಸಮರ್ಥಿಸುವುದಿಲ್ಲ. ಅಮೆರಿಕದ ಭೂಸೇನೆಯು 1954ರಲ್ಲಿಯೇ ಇಂತಹ ಯೋಜನೆಯೊಂದನ್ನು ಕೈಗೊಂಡು ಎಂಟು ಸ್ಥಾವರಗಳನ್ನು ನಿರ್ಮಿಸಿತು. ದುರ್ಗಮವಾದ ನೆಲೆಗಳಿಗೆ ತೈಲವನ್ನು ಸಾಗಿಸುವ ವೆಚ್ಚವೇ ಇದಕ್ಕೆ ಮುಖ್ಯ ಪ್ರೇರಣೆ.

ಯೋಜನೆಯ ಸಾಧ್ಯತೆಯೇನೋ ಸಿದ್ಧವಾಯಿತು. ಬಿಡಿಭಾಗಗಳಾಗಿ ಗ್ರೀನ್‌ಲ್ಯಾಂಡಿಗೆ ಒಯ್ದ ಸ್ಥಾವರವು 1960ರಲ್ಲಿ ಹಿಮದಡಿಯ ಕ್ಯಾಂಪ್ ಸೆಂಚುರಿ ನೆಲೆಗೆ ವಿದ್ಯುತ್ತನ್ನು ಒದಗಿಸಿತು. ಆದರೆ 1961ರ ಜನವರಿ 3ರಂದು ಐಡಾಹೋದ ಎಸ್‌ಎಲ್-1 ಸ್ಥಾವರದಲ್ಲಿ ನಿಯಂತ್ರಣ ದಂಡವೊಂದನ್ನು ಕೈಯಿಂದ ಅತಿಯಾಗಿ ಮೇಲೆತ್ತಿದುದರಿಂದ ಸ್ಫೋಟವುಂಟಾಗಿ ಮೂವರು ಮಡಿದರು. ಒಂದೇ ದಂಡದ ಮೇಲೆ ಸ್ಥಾವರದ ಕ್ಷೇಮವು ನಿಂತಿರಬಾರದೆಂಬ ಪಾಠವನ್ನು ವಿನ್ಯಾಸಕಾರರು ಕಲಿತರು. ಅಂಟಾರ್ಕ್ಟಿಕದ ಮೆಕ್‌ಮರ್ಡೊ ಸ್ಥಾವರವನ್ನು 1972ರಲ್ಲಿ ಮುಚ್ಚಲಾಯಿತು. ತೈಲದ ಸಾಗಾಟವನ್ನು ತಪ್ಪಿಸಲೆಂದು ಹೊರಟವರು ಕಡೆಗೆ ಅಲ್ಲಿಯ ಕಲುಷಿತ ಮಣ್ಣನ್ನು ಹಡಗಿನಲ್ಲಿ ಸ್ವದೇಶಕ್ಕೆ ಸಾಗಿಸಬೇಕಾಯಿತು.

ಸ್ಥಾವರವು ಕಿರಿದಾದ ಮಾತ್ರಕ್ಕೆ ಸಿಬ್ಬಂದಿ, ಕಾವಲು, ತ್ಯಾಜ್ಯರಕ್ಷಣೆಗಳ ವೆಚ್ಚವು ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಅದೇ ಐಡಾಹೋದಲ್ಲಿ ನ್ಯೂಸ್ಕೇಲ್ ಸಂಸ್ಥೆಯ ಆರು ಕಿರುಘಟಕಗಳ ಯೋಜನೆಯು, ದರವು ಏರಿ ಸಾಕಷ್ಟು ಗ್ರಾಹಕರು ದೊರೆಯದೆ, 2023ರಲ್ಲಿ ರದ್ದಾಯಿತು. ಕಾರ್ಖಾನೆಗಳಲ್ಲಿ ಒಂದೇ ಮಾದರಿಯ ಘಟಕಗಳನ್ನು ಹಲವಾಗಿ ತಯಾರಿಸಿದರೆ ಬೆಲೆಯು ಇಳಿದೀತೆಂಬ ನಿರೀಕ್ಷೆಯು ನಿರಾಧಾರವಾದುದಲ್ಲ. ಆದರೆ ಸ್ಥಾಪನೆಯಿಂದ ವಿಸರ್ಜನೆಯವರೆಗಿನ ಪೂರ್ಣ ಲೆಕ್ಕವನ್ನು ಮೊದಲೇ ಬರೆದಿಡುವ ವಿವೇಕವನ್ನು ಈ ಪೂರ್ವೇತಿಹಾಸವು ನಮ್ಮಿಂದ ಅಪೇಕ್ಷಿಸುತ್ತದೆ.