ಹಲವರ ಕಾಸು, ಒಂದು ಬಾಣಲೆ

ಮುಂಬಯಿಯ ಮಿಠಾಯಿ ಉದ್ಯಮದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ರುಚಿಯ ಚರಿತ್ರೆಯಾಗಿ ಓದುತ್ತ ಬಂದಿದ್ದೇವೆ. ಕಿತ್ತಳೆ ಪೆಪ್ಪರಮಿಂಟು, ಪಾನ್ ಪಸಂದ್, ಪಾಪಿನ್ಸ್ ಎಂದು ಹೆಸರುಗಳನ್ನು ನೆನೆದು ಬಾಲ್ಯಕ್ಕೆ ಮರಳುವ ಬರಹಗಳಿಗೆ ಕೊರತೆಯಿಲ್ಲ. ಆ ಬಾಣಲೆಗಳಿಗೆ ಸಕ್ಕರೆ ಸುರಿಯಲು ಮೊದಲ ದುಡ್ಡು ಕೊಟ್ಟವರು ಯಾರು ಎಂಬ ಪ್ರಶ್ನೆ ಮಾತ್ರ ಅಪರೂಪ. ಇಂದು ಹೊಸ ಆಕಾರದ, ಹೊಸ ರುಚಿಯ ಮಿಠಾಯಿ ಮಾಡಹೊರಡುವ ತರುಣರು ಅಂತರ್ಜಾಲದಲ್ಲಿ ಜನರ ಮುಂದೆ ಯೋಜನೆ ಇಟ್ಟು ಸಣ್ಣಸಣ್ಣ ಮೊತ್ತಗಳನ್ನು ಕೂಡಿಸಬಹುದು. ಅದನ್ನು ನಮ್ಮ ಕಾಲದ ಹೊಸ ಉಪಾಯವೆಂದು ಕೊಂಡಾಡುವುದೂ ಇದೆ. ಹಲವರ ಕಾಸಿನಿಂದ ಒಂದು ಕಸುಬನ್ನು ನಿಲ್ಲಿಸುವುದು ಈ ಊರಿಗೆ ನೂರು ವರ್ಷಕ್ಕೂ ಹಿಂದಿನಿಂದ ಗೊತ್ತು. ಆ ನೂರು ವರ್ಷಗಳ ಅನುಭವ ಒಂದೇ ಕಡೆಗೆ ಬೆರಳು ಮಾಡುತ್ತದೆ ಎಂಬುದು ನನ್ನ ವಾದ: ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕು ಉಳಿದಿದ್ದಲ್ಲಿ ಕಸುಬು ಬಾಳಿತು, ದುಡ್ಡು ಬರಿಯ ಮೆಚ್ಚುಗೆಯಾಗಿ ಬಂದಾಗ ಅದು ಬೇರೆ ಬಗೆಯ ಕೆಲಸಕ್ಕಷ್ಟೇ ಒದಗಿತು.

ಮಿಠಾಯಿಯ ಕಸುಬಿಗೆ ಈ ಪ್ರಶ್ನೆ ಏಕೆ ಮುಖ್ಯ ಎನ್ನುವುದು ಅದರ ಕೆಲಸದ ರೀತಿಯಲ್ಲೇ ಇದೆ. ಸಕ್ಕರೆ ಮತ್ತು ಗ್ಲೂಕೋಸ್ ಪಾಕವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ, ನೀರಿನಂಶ ಬಹುಪಾಲು ಆರಿದ ಮೇಲೆ ತಣ್ಣನೆಯ ಹಾಸಿನ ಮೇಲೆ ಸುರಿದು, ಬಣ್ಣ, ಹುಳಿ, ಸುವಾಸನೆ ಬೆರೆಸಿ, ಮೆತ್ತಗಿರುವಾಗಲೇ ಎಳೆದು, ಅಚ್ಚಿನ ಉರುಳೆಗಳ ನಡುವೆ ಹಾಯಿಸಬೇಕು. ಬಾಣಲೆ, ಒಲೆ, ಹಾಸುಗಲ್ಲು, ಉರುಳೆಯ ಯಂತ್ರ ಇವೆಲ್ಲ ಒಮ್ಮೆ ಕೊಂಡರೆ ಬಹುಕಾಲ ಬಾಳುವ ಸಾಮಾನು. ದುಡ್ಡನ್ನು ನುಂಗುವುದು ಆಮೇಲಿನ ದಾರಿ. ಮುಂಬಯಿಯ ಮಳೆಗಾಲದ ಗಾಳಿಯಲ್ಲಿ ಗಟ್ಟಿ ಮಿಠಾಯಿ ತೇವ ಹೀರಿ ಅಂಟಾಗುತ್ತದೆ. ಆದ್ದರಿಂದ ಒಂದೊಂದನ್ನೂ ಕಾಗದದಲ್ಲಿ ಸುತ್ತಬೇಕು, ಡಬ್ಬಿಯಲ್ಲಿ ಮುಚ್ಚಬೇಕು, ಕೆಟ್ಟ ಸರಕನ್ನು ವಾಪಸು ಪಡೆಯಬೇಕು. ಸಕ್ಕರೆಯವನು ರೊಕ್ಕ ಕೇಳುತ್ತಾನೆ, ಅಂಗಡಿಯವನು ಉದ್ದರಿ ಕೇಳುತ್ತಾನೆ. ಈ ಎರಡರ ನಡುವಿನ ವಾರಗಳನ್ನು ದಾಟಿಸುವ ದುಡ್ಡೇ ಈ ಕಸುಬಿನ ಜೀವ. ಕನ್ನಡ ನಾಡಿನ ಜಾತ್ರೆಗಳಲ್ಲೂ ಕಾಣುವ ಬಾಂಬೆ ಮಿಠಾಯಿಯವನು ಈ ತೊಡಕನ್ನು ತನ್ನದೇ ರೀತಿಯಲ್ಲಿ ಬಿಡಿಸಿಕೊಂಡಿದ್ದ: ಕೋಲಿಗೆ ಸುತ್ತಿದ ಗುಲಾಬಿ ಪಾಕವನ್ನು ಮಗುವಿನ ಎದುರಲ್ಲೇ ಎಳೆದು ಗಡಿಯಾರವನ್ನೋ ಹಕ್ಕಿಯನ್ನೋ ಮಾಡಿ, ಕಾಸು ಕೈಗೆ ಬಂದ ಮೇಲೆಯೇ ಕೊಡುತ್ತಿದ್ದ. ಸರಕು ಕೂಡಿಡುವುದಿಲ್ಲ, ಉದ್ದರಿಯಿಲ್ಲ, ಹಾಗಾಗಿ ಹೊರಗಿನ ಬಂಡವಾಳವೂ ಬೇಕಿಲ್ಲ. ವಿನೋದದ ಮಿಠಾಯಿ ಎಂದರೆ ನನಗೆ ಮೊದಲು ಹೊಳೆಯುವವನು ಅವನೇ, ಮತ್ತು ಅವನ ಜಾಣತನಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ಆದರೆ ಅವನ ಕಸುಬು ಅವನೊಬ್ಬನ ಎರಡು ಕೈಗಳಾಚೆ ಬೆಳೆಯಲಾರದು. ಬೆಳೆಯಬೇಕೆಂದ ಕ್ಷಣದಲ್ಲಿ ಇತರರ ದುಡ್ಡು ಬಾಗಿಲಲ್ಲಿ ನಿಲ್ಲುತ್ತದೆ.

ಇತರರ ದುಡ್ಡನ್ನು ಊರೂರಿನಿಂದ ಎತ್ತಿದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು ಮುಂಬಯಿ ಪ್ರಾಂತದ ಪೈಸಾ ಫಂಡ್. ಅಂತಾಜಿ ದಾಮೋದರ ಕಾಳೆ ಎಂಬವರ ಕಲ್ಪನೆ ಅದು: ತಲೆಗೆ ಒಂದೇ ಪೈಸೆ, ಆದರೆ ಕೊಡುವ ತಲೆಗಳು ಅಸಂಖ್ಯ. ತಿಲಕರ ಬೆಂಬಲ ಸಿಕ್ಕಿತು. ಕೂಡಿದ ಹಣದಿಂದ 1908ರಲ್ಲಿ ಪುಣೆಯ ಹತ್ತಿರದ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಹೊರದೇಶದಲ್ಲಿ ಗಾಜಿನ ವಿದ್ಯೆ ಕಲಿತು ಬಂದಿದ್ದ ಈಶ್ವರದಾಸ್ ವಾರ್ಷ್ಣೇಯ ಅದನ್ನು ಕಟ್ಟಿದರು. ಜನರಿಂದ ಚಿಲ್ಲರೆ ಎತ್ತಿ ಉದ್ಯಮ ನಡೆಸಲಾಗದು ಎನ್ನುವವರಿಗೆ ಇದು ಉತ್ತರವೇ ಸರಿ. ಆದರೆ ಅಲ್ಲಿ ಆದದ್ದೇನು ಎಂದು ಗಮನಿಸಬೇಕು. ಅದು ಕಾರ್ಖಾನೆಯಷ್ಟೇ ಪಾಠಶಾಲೆಯೂ ಆಗಿತ್ತು, ಗಾಜು ಮಾಡುವುದನ್ನು ಕಲಿಸಿತು. ಪೈಸೆ ಕೊಟ್ಟವನು ಪಾಲು ಕೇಳಿರಲಿಲ್ಲ, ದೇಶದಲ್ಲಿ ಒಂದು ವಿದ್ಯೆ ಬೇರೂರಲಿ ಎಂದು ಕಾಣಿಕೆ ಹಾಕಿದ್ದ. ಎಲ್ಲರದ್ದೂ ಆಗಬಲ್ಲ ವಸ್ತುವಿಗೆ ಎಲ್ಲರ ಕಾಣಿಕೆ ಒಪ್ಪುತ್ತದೆ. ಒಬ್ಬನ ಬಾಣಲೆ, ಒಬ್ಬನ ಲಾಭ, ಒಬ್ಬನ ಹೆಸರಿನ ಡಬ್ಬಿಗೆ ಅದೇ ಮಾದರಿ ಒಪ್ಪುವುದೇ ಎನ್ನುವಲ್ಲಿ ನನ್ನ ಅನುಮಾನ ಶುರುವಾಗುತ್ತದೆ.

ಅದೇ ಹೊತ್ತಿಗೆ, ಕಡಿಮೆ ಸದ್ದಿನಲ್ಲಿ, ಕನ್ನಡ ನೆಲದ ಜನ ಇನ್ನೊಂದು ದಾರಿ ತುಳಿದಿದ್ದರು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ 1904ರಲ್ಲಿ ಬಂತು. ಮರುವರ್ಷವೇ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. 1906ರ ಡಿಸೆಂಬರಿನಲ್ಲಿ ಮುಂಬಯಿ ನಗರದಲ್ಲೇ ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರು ಶಾಮರಾವ್ ವಿಠಲ ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿ ಅದಕ್ಕೆ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿಟ್ಟರು. ಉತ್ತರ ಕನ್ನಡದಿಂದ ಬಂದು ಕಚೇರಿಗಳಲ್ಲಿ ಗುಮಾಸ್ತರಾಗಿದ್ದ ಚಿತ್ರಾಪುರ ಸಾರಸ್ವತರಿಗೆ ಅದು ಆಧಾರವಾಯಿತು. 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿ ತಂದಿತು: ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ವಸೂಲಿ. ಕರಾವಳಿಯ ಈ ರೂಢಿ ಮುಂಬಯಿಗೆ ಹಡಗು ಹತ್ತಿ ಬಂದವರ ಜೊತೆ ಬಂತು ಎನ್ನಲು 1946ರ ಮೊಗವೀರ ಬ್ಯಾಂಕು, 1978ರಲ್ಲಿ ಬಿಲ್ಲವರ ಸಂಘಟನೆಯಿಂದ ಹುಟ್ಟಿದ ಭಾರತ್ ಬ್ಯಾಂಕು ಸಾಕ್ಷಿ. ಇವುಗಳಲ್ಲಿ ಪೈಸಾ ಫಂಡಿನ ಹುರುಪು ಇಲ್ಲ, ಮೆರವಣಿಗೆಯಿಲ್ಲ. ಇರುವುದು ಸದಸ್ಯತ್ವ, ಜಾಮೀನು, ವರ್ಷದ ಸಭೆ, ಓದಿ ಹೇಳಬೇಕಾದ ಜಮಾ ಖರ್ಚು. ಸಣ್ಣ ಕಸುಬಿನವನಿಗೆ ಬೇಕಾದ, ಮತ್ತೆ ಮತ್ತೆ ಬಂದು ಮತ್ತೆ ಮತ್ತೆ ತೀರುವ ದುಡ್ಡು ಈ ಬಗೆಯ ಏರ್ಪಾಟಿನಿಂದಲೇ ಹುಟ್ಟಬಲ್ಲದು. ನಗರದ ಚಾಳುಗಳಲ್ಲಿ ನಡೆದು ಬಂದ ಭಿಶಿ ಮತ್ತು ಚೀಟಿಗಳು ಇದರದೇ ಕಾಗದವಿಲ್ಲದ ರೂಪ.

ಇನ್ನು ನೇರವಾಗಿ ಮಿಠಾಯಿಗೆ ಬರೋಣ. 1929ರಲ್ಲಿ, ಬಟ್ಟೆಯ ವ್ಯಾಪಾರದಲ್ಲಿದ್ದ ಮೋಹನಲಾಲ್ ದಯಾಳ್ ಚೌಹಾಣರು ಜರ್ಮನಿಯಲ್ಲಿ ಮಿಠಾಯಿ ವಿದ್ಯೆ ನೋಡಿ ಬಂದು, ಸುಮಾರು 60,000 ರೂಪಾಯಿಯ ಯಂತ್ರ ತರಿಸಿ, ಇರ್ಲಾ ಮತ್ತು ಪಾರ್ಲೆ ಎಂಬ ಹಳ್ಳಿಗಳ ನಡುವೆ ಕಾರ್ಖಾನೆ ಹಾಕಿದರು. ಕೆಲಸಕ್ಕಿದ್ದವರು ಹನ್ನೆರಡು ಜನ, ಬಹುಪಾಲು ಮನೆಯವರೇ. ಐವರು ಗಂಡುಮಕ್ಕಳೂ ವ್ಯವಹಾರದಲ್ಲಿದ್ದರು. ಕಾರ್ಖಾನೆಗೆ ಊರಿನ ಹೆಸರೇ ನಿಂತಿತು. ಕಿತ್ತಳೆ ಮಿಠಾಯಿಯಿಂದ ತೊಡಗಿ ಸುಮಾರು ಹತ್ತು ವರ್ಷದ ಮೇಲೆ ಬಿಸ್ಕತ್ತಿಗೆ ಬಂದರು. ಇದು ಕುಟುಂಬದ ಉದ್ಯಮ, ಇದರಲ್ಲಿ ಹಲವರ ಕಾಸು ಎಲ್ಲಿದೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಮತ್ತು ಪಾರ್ಲೆಯನ್ನು ಜನನಿಧಿಯ ಉದಾಹರಣೆಯೆಂದು ನಾನು ಎಳೆದು ತರುವುದಿಲ್ಲ. ಆದರೆ ಐದು ಮಕ್ಕಳಿರುವ ಕೂಡುಕುಟುಂಬದ ದುಡ್ಡಿಗೂ ಒಬ್ಬನ ದುಡ್ಡಿಗೂ ವ್ಯತ್ಯಾಸವಿದೆ: ಅದಕ್ಕೆ ಬಾಧ್ಯಸ್ಥರಿದ್ದಾರೆ, ನಷ್ಟವಾದರೆ ಅದೇ ಮನೆಯಲ್ಲಿ ಕೂತು ಕೇಳುವವರಿದ್ದಾರೆ. ಎರಡನೆಯದಾಗಿ, ಈ ಕಾರ್ಖಾನೆಯ ಹಿಂದೆ ಇನ್ನೊಂದು ಗುಂಪು ನಿಂತಿತ್ತು. ಕಾರ್ಖಾನೆ ಎದ್ದ ಮರುವರ್ಷ ಅದೇ ವಿಲೇಪಾರ್ಲೆಯಲ್ಲಿ ಜಮನಾಲಾಲ್ ಬಜಾಜರ ಮುಂದಾಳತನದಲ್ಲಿ ಉಪ್ಪಿನ ಸತ್ಯಾಗ್ರಹದ ಶಿಬಿರ ನಡೆಯಿತು. ಮುಂಬಯಿಯ ಬೀದಿಗಳಲ್ಲಿ ವಿದೇಶಿ ಸರಕಿನ ಬಹಿಷ್ಕಾರ ಬಿಸಿಯಾಗಿತ್ತು. ಆಮದಾಗುತ್ತಿದ್ದ ದುಬಾರಿ ಮಿಠಾಯಿಯ ಬದಲು ಊರಿನ ಮಿಠಾಯಿ ಕೊಳ್ಳುವ ಮನಸ್ಸು ಕೊಳ್ಳುವವರಲ್ಲಿ ಬೆಳೆಯುತ್ತಿತ್ತು. ಯಂತ್ರ ಜರ್ಮನಿಯದು, ಆ ದಿನಗಳಲ್ಲಿ ದೇಶಕ್ಕೆ ಬರುತ್ತಿದ್ದ ಬಿಳಿ ಸಕ್ಕರೆಯಲ್ಲಿ ಬಹುಪಾಲು ಜಾವಾದ್ದು, ಇದೆಂಥ ಸ್ವದೇಶಿ ಎಂದು ಆಕ್ಷೇಪಿಸುವವರಿಗೆ ಕಾಲವೇ ಉತ್ತರ ಕೊಟ್ಟಿತು. 1932ರ ಸಕ್ಕರೆ ಸಂರಕ್ಷಣಾ ಕಾಯಿದೆಯ ನಂತರ ಕೆಲವೇ ವರ್ಷಗಳಲ್ಲಿ ದೇಶದ ಸಕ್ಕರೆ ಕಾರ್ಖಾನೆಗಳು ಮೂವತ್ತರ ಆಸುಪಾಸಿನಿಂದ ನೂರಮೂವತ್ತರ ಮೇಲಕ್ಕೇರಿದವು. ವಾಲ್‌ಚಂದ್ ಹೀರಾಚಂದರು ನಾಸಿಕ್ ಜಿಲ್ಲೆಯ ರಾವಳಗಾಂವದಲ್ಲಿ ಹಾಕಿದ ಸಕ್ಕರೆ ಕಾರ್ಖಾನೆಯೂ ಆ ಅಲೆಯದೇ. 1942ರಲ್ಲಿ ಅಲ್ಲಿ ಮಿಠಾಯಿಯೂ ತಯಾರಾಗತೊಡಗಿತು. ಸ್ವದೇಶಿ ಕೊಳ್ಳುಗ ಒಮ್ಮೆ ಚಪ್ಪಾಳೆ ತಟ್ಟಿ ಹೋದವನಲ್ಲ. ವಾರವಾರವೂ ಅಂಗಡಿಗೆ ಬಂದ, ರುಚಿ ಕೆಟ್ಟರೆ ಬೇರೆ ಡಬ್ಬಿಗೆ ಕೈ ಹಾಕುವ ಹಕ್ಕನ್ನು ಉಳಿಸಿಕೊಂಡ. ಲೆಕ್ಕ ಕೇಳುವ ಹಕ್ಕು ಅಲ್ಲಿ ಆ ರೂಪದಲ್ಲಿತ್ತು.

ನನ್ನ ವಾದಕ್ಕೆ ಅತ್ಯಂತ ಗಟ್ಟಿ ಆಧಾರ ಮಾತ್ರ ಮಿಠಾಯಿಯದಲ್ಲ, ಹಪ್ಪಳದ್ದು. 1959ರ ಮಾರ್ಚ್ 15ರಂದು ಗಿರಗಾಂವದ ಲೋಹಾಣಾ ನಿವಾಸದ ತಾರಸಿಯಲ್ಲಿ ಏಳು ಮಂದಿ ಗೃಹಿಣಿಯರು ನಾಲ್ಕು ಪೊಟ್ಟಣ ಹಪ್ಪಳ ಲಟ್ಟಿಸಿದರು. ಬಂಡವಾಳ ಎಂಬತ್ತು ರೂಪಾಯಿ, ಸಮಾಜಸೇವಕ ಛಗನ್‌ಲಾಲ್ ಕರಮ್‌ಸಿ ಪಾರೇಖರಿಂದ ಪಡೆದ ಸಾಲ. ಸಾಲ ಎಂಬ ಅಂಶವನ್ನು ಒತ್ತಿ ಹೇಳಬೇಕು. ನಷ್ಟವೇ ಆಗಲಿ, ಯಾರ ಬಳಿಯೂ ದೇಣಿಗೆ ಎತ್ತಬಾರದು ಎಂಬುದು ಆ ಹೆಂಗಸರ ಮೊದಲ ನಿರ್ಧಾರಗಳಲ್ಲಿ ಒಂದು. ಎರಡು ದರ್ಜೆಯ ಹಪ್ಪಳ ಮಾಡಿ ಅಗ್ಗದ್ದನ್ನೂ ಮಾರುವ ಯೋಚನೆ ಬಂದಾಗ, ಒಂದೇ ಗುಣಮಟ್ಟ ಇರಲಿ, ಲೆಕ್ಕವನ್ನು ಪಕ್ಕಾ ವ್ಯಾಪಾರದಂತೆ ಇಡಿ ಎಂದು ಪಾರೇಖರು ಹೇಳಿದರು. ಸಾಲ ಕೊಟ್ಟವರ ಕಣ್ಣು ಹಾಗೆ ಕೆಲಸಕ್ಕೆ ಬಂತು. ಮೊದಲ ವರ್ಷದ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಮಂಚವೊಂದನ್ನೂ ಒಲೆಯೊಂದನ್ನೂ ಕೊಂಡು, ಮಂಚದ ಮೇಲೆ ಹಪ್ಪಳ ಹರಡಿ ಕೆಳಗೆ ಒಲೆ ಹಚ್ಚಿ ಒಣಗಿಸಿದರು. ಮಿಠಾಯಿಯವನನ್ನು ಕಾಡುವ ಅದೇ ತೇವಕ್ಕೆ ಅವರು ಕಂಡುಕೊಂಡ ಮದ್ದು ಅದು, ಮತ್ತು ಅದಕ್ಕೆ ಬೇಕಾದ ದುಡ್ಡು ಗಳಿಕೆಯಿಂದಲೇ ಬಂತು. ಮೂರು ತಿಂಗಳಲ್ಲಿ ಇಪ್ಪತ್ತೈದು, ಮೂರು ವರ್ಷದಲ್ಲಿ ಮುನ್ನೂರು ಸದಸ್ಯೆಯರು. ಒಳಗೆ ಬಂದ ಪ್ರತಿಯೊಬ್ಬಳೂ ಒಡತಿ, ಲಾಭಕ್ಕೂ ನಷ್ಟಕ್ಕೂ. ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾಡು ಆ ತಾರಸಿಯನ್ನು ನೆನೆಯಿತು. ಆ ದೇಣಿಗೆ ಒಲ್ಲದ ನಿಯಮವನ್ನೂ ನೆನೆಯಬೇಕಿತ್ತು.

ಇದಕ್ಕೆ ಬರುವ ನಿಜವಾದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಾನು ಹೊಗಳಿದ ಹಳೆಯ ಸಂಘಗಳಲ್ಲಿ ಹಲವು ಜಾತಿಯ ಬಾಗಿಲಿನೊಳಗೆ ಹುಟ್ಟಿದವು. ಸಾರಸ್ವತನಿಗೆ ಸಾರಸ್ವತ ಜಾಮೀನು, ಮೊಗವೀರನಿಗೆ ಮೊಗವೀರ. ಸಂಘವಿಲ್ಲದ ಸಮುದಾಯದವನಿಗೆ, ಒಂಟಿಯಾಗಿ ನಗರಕ್ಕೆ ಬಂದ ಹೆಣ್ಣಿಗೆ ಆ ಲೆಕ್ಕದ ಪುಸ್ತಕದಲ್ಲಿ ಪುಟವಿರಲಿಲ್ಲ. ಅಪರಿಚಿತರಿಂದ ದುಡ್ಡು ಕೂಡಿಸುವ ಇಂದಿನ ವೇದಿಕೆ ಕುಲ ಕೇಳದೆ ಯೋಜನೆ ಕೇಳುತ್ತದೆ, ಅದು ದೊಡ್ಡ ಗಳಿಕೆ, ಅದನ್ನು ಕಳೆದುಕೊಳ್ಳಬಾರದು. ಆದರೆ ಜಾತಿಯನ್ನು ಬಿಡುವಾಗ ಬಾಧ್ಯತೆಯನ್ನೂ ಬಿಡಬೇಕೆಂದಿಲ್ಲ. ಜನರ ದುಡ್ಡಿನ ಎರಡು ಪ್ರಸಿದ್ಧ ಯಶಸ್ಸುಗಳನ್ನು ನೋಡಿ. ಶ್ಯಾಮ್ ಬೆನೆಗಲ್ ಅವರ 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು; ಅವರು ಮೊದಲೇ ಸಹಕಾರ ಸಂಘದ ಸದಸ್ಯರು. ಪವನ್ ಕುಮಾರ್ ಅವರ 2013ರ ಕನ್ನಡ ಚಿತ್ರ ‘ಲೂಸಿಯಾ’ಕ್ಕೆ ನೂರಕ್ಕೂ ಮಿಕ್ಕಿ ಜನ ಸುಮಾರು ಐವತ್ತು ಲಕ್ಷ ಹಾಕಿದರು; ಅವರು ಹೂಡಿಕೆದಾರರಾಗಿ ಬಂದರು. ಎರಡರಲ್ಲೂ ಕೊಟ್ಟವರಿಗೆ ಒಂದು ಪಾತ್ರವಿತ್ತು. ಮೇಲಾಗಿ ಸಿನಿಮಾ ಒಮ್ಮೆ ಮುಗಿದರೆ ಮುಗಿಯಿತು. ಮಿಠಾಯಿ ನಾಳೆಯೂ ಆಗಬೇಕು, ಮಳೆಗಾಲದಲ್ಲೂ ಆಗಬೇಕು. ಮುಂಗಡ ಕೊಟ್ಟು ಒಂದು ವಿನೋದದ ಡಬ್ಬಿ ತರಿಸಿಕೊಂಡವನ ಕುತೂಹಲ ಆ ಡಬ್ಬಿಯೊಂದಿಗೇ ತೀರಿದರೆ, ಎರಡನೆಯ ಪಾಕದ ಸಕ್ಕರೆಗೆ ದುಡ್ಡು ಎಲ್ಲಿಂದ?

ಕೊಡುವವನಿಗೂ ಕಸುಬಿಗೂ ನಡುವಿನ ಈ ದೂರವನ್ನು ಕಾನೂನು ಕೂಡ ಹೆಚ್ಚಿಸಿದೆ. 2013ರ ಕಂಪನಿ ಕಾಯಿದೆಯ ಪ್ರಕಾರ ಖಾಸಗಿಯಾಗಿ ಷೇರು ನೀಡುವಾಗ ಒಂದು ಆರ್ಥಿಕ ವರ್ಷದಲ್ಲಿ 200 ಮಂದಿಯನ್ನು ಮೀರುವಂತಿಲ್ಲ. ಅಂತರ್ಜಾಲದ ಮೂಲಕ ಜನರಿಗೆ ಪಾಲು ಕೊಡುವ ಬಗ್ಗೆ ಸೆಬಿ 2014ರಲ್ಲಿ ಸಮಾಲೋಚನಾ ಪತ್ರ ಹೊರಡಿಸಿತು, ಅದು ನಿಯಮವಾಗಿ ಬರಲಿಲ್ಲ. ಮೋಸಗಾರರಿಂದ ಜನರನ್ನು ಕಾಯುವ ಉದ್ದೇಶ ಸರಿಯಾದದ್ದು. ಆದರೆ ಅದರಿಂದ ಸಣ್ಣ ಮೊತ್ತ ಕೊಡುವವರಿಗೆ ಉಳಿದದ್ದು ಎರಡೇ ವೇಷ, ದಾನಿ ಅಥವಾ ಗಿರಾಕಿ. ಇತ್ತ ಹಳೆಯ ಕಾರ್ಖಾನೆಗಳೂ ಮೊದಲಿನಂತೆ ಉಳಿದಿಲ್ಲ: ವಿಲೇಪಾರ್ಲೆಯ ಕಾರ್ಖಾನೆಯಲ್ಲಿ ಉತ್ಪಾದನೆ 2016ರಲ್ಲಿ ನಿಂತಿತು, ರಾವಳಗಾಂವದ ಮಿಠಾಯಿ ಹೆಸರುಗಳು 2024ರಲ್ಲಿ 27 ಕೋಟಿ ರೂಪಾಯಿಗೆ ರಿಲಯನ್ಸ್ ಪಾಲಾದವು. ಆ ಹೆಸರುಗಳ ಮಗ್ಗುಲಲ್ಲಿ ಅಂಗಡಿಯ ಕಟ್ಟೆಯ ಮೇಲೆ ಜಾಗ ಹುಡುಕುವ ಹೊಸಬನಿಗೆ ತಾಳ್ಮೆಯ ದುಡ್ಡು ಬೇಕು. ಅದಕ್ಕೆ ಹೊಸ ಕಾನೂನಿಗೆ ಕಾಯಬೇಕಾಗಿಯೂ ಇಲ್ಲ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯ ಪ್ರಕಾರ ಬೇರೆ ಬೇರೆ ಕುಟುಂಬಗಳ ಹತ್ತು ಮಂದಿ ಕೂಡಿದರೆ ಸಂಘವೊಂದನ್ನು ನೋಂದಾಯಿಸಬಹುದು. ಕುಲ ಒಂದೇ ಇರಬೇಕೆಂದು ಆ ಕಾಯಿದೆ ಕೇಳುವುದಿಲ್ಲ, ಆದರೆ ಪ್ರತಿವರ್ಷ ಸದಸ್ಯರ ಸಭೆ ಕರೆದು ತಪಾಸಣೆಯಾದ ಲೆಕ್ಕವನ್ನು ಅವರ ಮುಂದಿಡಬೇಕೆಂದು ಕೇಳುತ್ತದೆ.