ಬರಿದಾದ ಕೋಣೆಗಳ ಸಾಕ್ಷ್ಯ: ಆನ್ ಫ್ರಾಂಕ್ ಮನೆ ಮತ್ತು ಒಬ್ಬ ತಂದೆಯ ಸ್ಮೃತಿ

ನೆದರ್‌ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ, ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ದಂಡೆಯ ಮೇಲಿರುವ 263ನೆಯ ಸಂಖ್ಯೆಯ ಮನೆ 1635ರಲ್ಲಿ ಕಟ್ಟಲ್ಪಟ್ಟದ್ದು. ಮೂರು ಶತಮಾನಗಳ ಕಾಲ ಸಾಮಾನ್ಯ ಕಟ್ಟಡವಾಗಿದ್ದ ಇದು ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಚರಿತ್ರೆಯ ಆಕರವಾಗಿ ಪರಿವರ್ತಿತವಾಯಿತು. ಈ ಪರಿವರ್ತನೆಯಲ್ಲಿ ಆನ್ ಫ್ರಾಂಕಳ ದಿನಚರಿಯ ಪಾತ್ರ ಸರ್ವವಿದಿತ. ಆದರೆ ಆಕೆಯ ತಂದೆ ಓಟೊ ಫ್ರಾಂಕರ ನೆನಪುಗಳು ಆ ಮನೆಯ ಸ್ವರೂಪವನ್ನು ನಿರ್ಧರಿಸಿದ ಬಗೆ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಓಟೊ ಫ್ರಾಂಕ್ ಜರ್ಮನಿಯನ್ನು ತೊರೆದು ಆಮ್‌ಸ್ಟರ್‌ಡ್ಯಾಮಿನಲ್ಲಿ ವ್ಯಾಪಾರ ಆರಂಭಿಸಿದರು. 1940ರಲ್ಲಿ ನೆದರ್‌ಲೆಂಡ್ಸ್ ಜರ್ಮನಿಯ ವಶವಾಯಿತು. ಹಿರಿಯ ಮಗಳು ಮಾರ್ಗೋಟಳಿಗೆ ಜರ್ಮನಿಯ ದುಡಿಮೆ ಶಿಬಿರಕ್ಕೆ ಹೋಗುವಂತೆ ಕರೆ ಬಂದ ಮರುದಿನ, ಅಂದರೆ 1942ರ ಜುಲೈ 6ರಂದು, ಕುಟುಂಬವು ತಮ್ಮ ವ್ಯಾಪಾರದ ಕಟ್ಟಡದ ಹಿಂಭಾಗದಲ್ಲಿ ಅಡಗಿತು. ಮುಂದೆ ಇತರ ನಾಲ್ವರು ಸೇರಿ ಅಡಗಿದವರ ಸಂಖ್ಯೆ ಎಂಟಾಯಿತು. ಪ್ರವೇಶದ್ವಾರವನ್ನು ಮರೆಮಾಡಲು ತಿರುಗುವ ಪುಸ್ತಕದ ಕಪಾಟನ್ನು ನಿರ್ಮಿಸಲಾಯಿತು. 1944ರ ಆಗಸ್ಟ್ 4ರಂದು ಎಲ್ಲರೂ ಸೆರೆಯಾದರು. ತರುವಾಯ ಕೋಣೆಗಳಲ್ಲಿದ್ದ ಪೀಠೋಪಕರಣಗಳನ್ನು ಸಾಗಿಸಲಾಯಿತು. ಎಂಟು ಮಂದಿಯಲ್ಲಿ ಬದುಕಿ ಮರಳಿದವರು ಓಟೊ ಫ್ರಾಂಕ್ ಒಬ್ಬರೇ. ಪತ್ನಿ ಎಡಿತ್ ಆಶ್‌ವಿಟ್ಸ್‌ನಲ್ಲಿಯೂ ಇಬ್ಬರು ಪುತ್ರಿಯರು ಬರ್ಗೆನ್-ಬೆಲ್ಸೆನ್‌ನಲ್ಲಿಯೂ 1945ರಲ್ಲಿ ಮೃತರಾದರು. ಮೀಪ್ ಗೀಸ್ ಜೋಪಾನವಾಗಿರಿಸಿದ್ದ ದಿನಚರಿಯ ಹಾಳೆಗಳು ತಂದೆಯ ಕೈಸೇರಿ, 1947ರಲ್ಲಿ ಗ್ರಂಥರೂಪ ತಾಳಿದವು.

1950ರ ದಶಕದಲ್ಲಿ ಈ ಕಟ್ಟಡವನ್ನು ಕೆಡಹುವ ಸನ್ನಾಹ ನಡೆದಾಗ ಸಾರ್ವಜನಿಕರು ಪ್ರತಿಭಟಿಸಿದರು. 1957ರಲ್ಲಿ ಆನ್ ಫ್ರಾಂಕ್ ಪ್ರತಿಷ್ಠಾನ ಸ್ಥಾಪನೆಯಾಗಿ, 1960ರ ಮೇ 3ರಂದು ಮನೆಯು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆಗ ಎದುರಾದ ಪ್ರಶ್ನೆ ಮಹತ್ತ್ವದ್ದು: ಬರಿದಾದ ಕೋಣೆಗಳನ್ನು ಮೊದಲಿನಂತೆ ಸಜ್ಜುಗೊಳಿಸಬೇಕೆ? ಪ್ರತಿಯೊಂದು ಮಂಚ, ಮೇಜುಗಳ ಸ್ಥಾನವನ್ನು ಬಲ್ಲ ಓಟೊ ಫ್ರಾಂಕರು ಬೇಡವೆಂದರು. ಯುದ್ಧಕಾಲದಲ್ಲಿ ಕಸಿದೊಯ್ದುದು ಕಸಿದೊಯ್ದಂತೆಯೇ ಕಾಣಬೇಕು ಎಂಬುದು ಅವರ ನಿಲುವು. ಹಾಗೆಂದು ಅವರು ತಮ್ಮ ನೆನಪುಗಳನ್ನು ಬಚ್ಚಿಡಲಿಲ್ಲ. 1960ರ ದಶಕದ ಆರಂಭದಲ್ಲಿ ಅವರ ಸೂಚನೆಯಂತೆ ಅಡಗುದಾಣದ ಕಿರುಮಾದರಿಗಳು ಸಿದ್ಧವಾದವು. ಪೀಠೋಪಕರಣಗಳ ಜೋಡಣೆ ಈ ಮಾದರಿಗಳಲ್ಲಿ ಉಳಿಯಿತು. ಕೋಣೆಗಳು ಬರಿದಾಗಿಯೇ ಉಳಿದವು.

ಈ ವಿಂಗಡಣೆಯಲ್ಲಿ ಚರಿತ್ರೆಯ ವಿಧಾನಕ್ಕೆ ಸಂಬಂಧಿಸಿದ ಒಂದು ವಿವೇಕವಿದೆ. ಸ್ಮೃತಿಯಿಂದ ರಚಿಸಿದ್ದು ಮಾದರಿಯೆಂದು ಮೇಲ್ನೋಟಕ್ಕೇ ತಿಳಿಯುತ್ತದೆ. ಗೋಡೆಯ ಮೇಲೆ ಉಳಿದದ್ದು ಮೂಲದ್ದೇ. ಆನ್ ಅಂಟಿಸಿದ ಚಿತ್ರಗಳು, ಮಿತ್ರಪಡೆಗಳ ಮುನ್ನಡೆಯನ್ನು ತಂದೆ ಗುಂಡುಸೂಜಿಗಳಿಂದ ಗುರುತಿಸಿದ ನಾರ್ಮಂಡಿಯ ನಕಾಶೆ, ಹೆಣ್ಣುಮಕ್ಕಳ ಎತ್ತರವನ್ನು ಅಳೆದ ಪೆನ್ಸಿಲ್ ಗೆರೆಗಳು ಈ ಬಗೆಯವು. ಎರಡು ವರ್ಷಗಳಲ್ಲಿ ಆನ್ 13 ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಳೆಂದು ಆ ಗೆರೆಗಳು ತಿಳಿಸುತ್ತವೆ. ಹೊರಗಿನ ಗಾಳಿಬೆಳಕಿಗೆ ಎರವಾದ ಮಕ್ಕಳ ಬೆಳವಣಿಗೆಯನ್ನು ಎಲ್ಲ ಹೆತ್ತವರಂತೆಯೇ ಇವರೂ ಗೋಡೆಯ ಮೇಲೆ ಗುರುತಿಸುತ್ತಿದ್ದರೆಂಬುದು ಯಾವ ಕಡತದಲ್ಲಿಯೂ ದೊರೆಯದ ಸಂಗತಿ.

ದಿನಚರಿಯೇ ನಕಲಿ ಎಂಬ ಆಪಾದನೆಗಳು ಕೇಳಿಬಂದ ಹಿನ್ನೆಲೆಯಲ್ಲಿ ಮೂಲ ಮತ್ತು ಪುನರ್ರಚನೆಗಳ ಈ ಭೇದಕ್ಕೆ ವಿಶೇಷ ಬೆಲೆಯುಂಟು. 1980ರಲ್ಲಿ ನಿಧನರಾದ ಓಟೊ ಫ್ರಾಂಕರು ಹಸ್ತಪ್ರತಿಗಳನ್ನು ಡಚ್ ಸರ್ಕಾರದ ಯುದ್ಧ ದಾಖಲಾತಿ ಸಂಸ್ಥೆಗೆ ಬಿಟ್ಟುಹೋದರು. ಬರಹ, ಕಾಗದ, ಶಾಯಿಗಳ ಪರೀಕ್ಷೆಯ ಫಲಿತಾಂಶದೊಡನೆ ಆ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ವಿಮರ್ಶಾತ್ಮಕ ಆವೃತ್ತಿ ಅವುಗಳ ನೈಜತೆಯನ್ನು ಸ್ಥಿರಪಡಿಸಿತು. 2025ರ ಜನವರಿ 27ರಂದು ನ್ಯೂಯಾರ್ಕ್‌ನಲ್ಲಿ ಅಡಗುದಾಣದ ಪೂರ್ಣಪ್ರಮಾಣದ ಪ್ರತಿಕೃತಿಯು ಪೀಠೋಪಕರಣಗಳೊಂದಿಗೆ ಪ್ರದರ್ಶನಕ್ಕೆ ತೆರೆಯಿತು. ಸಜ್ಜುಗೊಂಡ ಕೋಣೆಗಳು ಅಲ್ಲಿ ಮೈದಳೆದರೂ ಆಮ್‌ಸ್ಟರ್‌ಡ್ಯಾಮಿನ ಮೂಲ ಕೋಣೆಗಳನ್ನು ಬರಿದಾಗಿಯೇ ಇರಿಸಲಾಯಿತು ಎಂಬುದು ಗಮನಾರ್ಹ. ಅಲ್ಲಿ ವಾಸಿಸಿದವರು ಹೇಗೆ ಬಾಳಿದರೆಂಬುದನ್ನು ಮಾದರಿಗಳು ತೋರಿದರೆ, ಅವರಿಗೆ ಏನಾಯಿತೆಂಬುದನ್ನು ಆ ಖಾಲಿ ನೆಲವು ತೋರುತ್ತದೆ. ಎರಡನ್ನೂ ಬೇರೆಬೇರೆಯಾಗಿ ಉಳಿಸಿಕೊಟ್ಟದ್ದು ಆ ತಂದೆಯು ಚರಿತ್ರೆಗೆ ಸಲ್ಲಿಸಿದ ಸೇವೆ.