ಕಪಾಟು ನಮ್ಮದು, ಬೀಗದ ಕೈ ಯಾರದು?

ಫೋನಿನಲ್ಲಿ ‘ಸ್ಟೋರೇಜ್ ಫುಲ್’ ಅನ್ನೋ ಸಂದೇಶ ಮೂರನೇ ಸಲ ಬಂದ ಮೇಲೆ ನಮ್ಮಲ್ಲಿ ಬಹಳ ಜನ ತಿಂಗಳ ಬಾಡಿಗೆ ಕಟ್ಟಿ ಕ್ಲೌಡ್‌ನಲ್ಲಿ ಇನ್ನಷ್ಟು ಜಾಗ ತಗೋತಾರೆ. ಕೆಲವರಿಗೆ ಆ ಬಾಡಿಗೆ ಚುಚ್ಚುತ್ತೆ. ಅವರು ‘ನ್ಯಾಸ್’ ಕಡೆ ನೋಡ್ತಾರೆ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಅಂತ ಹೆಸರು ದೊಡ್ಡದು, ವಸ್ತು ಸಣ್ಣದು. ಎರಡೋ ನಾಲ್ಕೋ ಹಾರ್ಡ್ ಡಿಸ್ಕ್ ಹಿಡಿಸೋ ಒಂದು ಡಬ್ಬಿ, ಒಳಗೊಂದು ಪುಟ್ಟ ಕಂಪ್ಯೂಟರ್, ಹಿಂದುಗಡೆ ರೂಟರ್‌ಗೆ ಹೋಗೋ ಕೇಬಲ್. ಮಗಳ ನಾಮಕರಣದ ವಿಡಿಯೋ, ಸೈಟಿನ ಸೇಲ್ ಡೀಡ್ ಸ್ಕ್ಯಾನು, ಅಪ್ಪನ ಪೆನ್ಷನ್ ಕಾಗದ ಎಲ್ಲ ಅದರೊಳಗೆ. ಆಫೀಸಿನಲ್ಲಿ ಕೂತು ಫೋನಿನಿಂದಲೇ ತೆಗೆದು ನೋಡಬಹುದು ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತೆ.

ಕೊಳ್ಳೋಕೆ ಹೊರಟಾಗ ಸಿಗೋ ರಿವ್ಯೂಗಳಲ್ಲಿ ಡಿಸ್ಕಿನದೇ ಮಾತು: ಎಷ್ಟು ಬೇ, ಎಷ್ಟು ಟಿಬಿ, ಯಾವ ರೇಯ್ಡ್. ಆದರೆ ಈ ಡಬ್ಬಿಗಳ ನಲವತ್ತು ವರ್ಷದ ಹಿನ್ನೆಲೆ ತೆಗೆದು ನೋಡಿದರೆ, ಸುದ್ದಿಯಾದ ದೊಡ್ಡ ಪೆಟ್ಟುಗಳು ಬಿದ್ದಿದ್ದು ಬೇರೆ ಕಡೆ. ದೂರದಿಂದ ಫೈಲ್ ತೆಗೆಯೋಕೆ ಅಂತ ಇಟ್ಟ ಬಾಗಿಲು ಇದೆಯಲ್ಲ, ಅಲ್ಲಿ. ಆದ್ದರಿಂದ ಆಯ್ಕೆಯೂ ಅಲ್ಲಿಂದಲೇ ಶುರುವಾಗಬೇಕು ಅನ್ನೋದು ನನ್ನ ವಾದ. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗೋಣ.

ವಠಾರದ ನಂಬಿಕೆ

ಇನ್ನೊಂದು ಕಂಪ್ಯೂಟರಿನಲ್ಲಿರೋ ಫೈಲನ್ನು ನಮ್ಮದೇ ಅನ್ನೋ ಹಾಗೆ ತೆರೆಯೋ ಆಸೆ ಹುಟ್ಟಿದ್ದು ಆಫೀಸುಗಳಲ್ಲಿ. 1983ರ ಸುಮಾರಿಗೆ ಐಬಿಎಂನ ಬ್ಯಾರಿ ಫೈಗನ್‌ಬಾಮ್ ಎಸ್‌ಎಂಬಿ ಅನ್ನೋ ಪ್ರೋಟೋಕಾಲ್ ರೂಪಿಸಿದರು. ಮುಂದೆ ಮೈಕ್ರೋಸಾಫ್ಟ್ ಅದನ್ನು ಎತ್ತಿಕೊಂಡು ವಿಂಡೋಸ್‌ನ ಭಾಗ ಮಾಡಿತು. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಯೂನಿಕ್ಸ್ ಕಂಪ್ಯೂಟರುಗಳಿಗಾಗಿ ಎನ್‌ಎಫ್‌ಎಸ್ ತಂದಿತು. ಇವತ್ತು ನೀವು ಅಂಗಡಿಯಿಂದ ತರೋ ಡಬ್ಬಿ ಮಾತಾಡೋದು ಈ ಎರಡು ಭಾಷೆಗಳ ಮರಿಮಕ್ಕಳನ್ನೇ.

ಎರಡೂ ಹುಟ್ಟಿದ್ದು ಒಂದೇ ಕಟ್ಟಡದೊಳಗಿನ ಕಂಪ್ಯೂಟರುಗಳಿಗಾಗಿ. ಹಳೇ ಎನ್‌ಎಫ್‌ಎಸ್‌ನಲ್ಲಿ, ಕೇಳೋ ಕಂಪ್ಯೂಟರು ‘ನಾನು ಇಂಥ ನಂಬರಿನ ಬಳಕೆದಾರ’ ಅಂದರೆ ಸಾಕು, ಸರ್ವರ್ ನಂಬಿಬಿಡ್ತಿತ್ತು. ವಠಾರದೊಳಗೆ ಇದು ನಡೆಯುತ್ತೆ. ಪಕ್ಕದ ಮನೆಯವರು ಬಂದು ಒಂದು ಲೋಟ ಸಕ್ಕರೆ ತಗೊಂಡು ಹೋದರೆ ಯಾರೂ ಆಧಾರ್ ಕಾರ್ಡ್ ಕೇಳಲ್ಲ. ಅದೇ ಸಕ್ಕರೆ ಡಬ್ಬಿಯನ್ನು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಇಟ್ಟರೆ ಏನಾಗುತ್ತೆ? ಮುಂದಿನ ಕಥೆಯ ಅರ್ಧ ಈ ಪ್ರಶ್ನೆಯಲ್ಲೇ ಇದೆ.

ಈ ತಂತ್ರ ಆಫೀಸಿನಿಂದ ಮನೆಗೆ ಬರೋಕೆ ಇಬ್ಬರ ಸಹಾಯ ಬೇಕಾಯ್ತು. ಮೊದಲನೆಯದು ರೇಯ್ಡ್. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಒಂದು ಪ್ರಬಂಧ ಬರೆದರು. ದುಬಾರಿಯ ಒಂದು ದೊಡ್ಡ ಡಿಸ್ಕ್ ಬದಲು ಅಗ್ಗದ ಹಲವು ಡಿಸ್ಕ್ ಜೋಡಿಸಿ, ಒಂದು ಕೆಟ್ಟರೂ ಉಳಿದವುಗಳಿಂದ ಡೇಟಾ ಎತ್ತೋ ಹಾಗೆ ಮಾಡಬಹುದು ಅನ್ನೋದು ಅದರ ಸಾರ. ರೇಯ್ಡ್ ಹೆಸರಿನ ‘ಐ’ ಮೊದಲಿಗೆ ‘ಅಗ್ಗ’ ಅನ್ನೋ ಅರ್ಥದ್ದೇ ಆಗಿತ್ತು; ಆಮೇಲೆ ಉದ್ಯಮದವರು ಅದನ್ನು ‘ಸ್ವತಂತ್ರ’ ಅಂತ ಮಾಡಿಕೊಂಡರು. ಮಾರೋ ಸರಕಿನ ಹೆಸರಲ್ಲೇ ಅಗ್ಗ ಅಂತಿದ್ದರೆ ಯಾರಿಗೆ ಚೆಂದ ಹೇಳಿ?

ಎರಡನೆಯದು ಸಾಂಬಾ. 1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಓದುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್, ತಂತಿಯಲ್ಲಿ ಹರಿಯೋ ಪ್ಯಾಕೆಟ್ಟುಗಳನ್ನು ಗಮನಿಸುತ್ತಲೇ ಎಸ್‌ಎಂಬಿ ಮಾತಾಡೋ ಸರ್ವರ್ ಬರೆದರು. ಹೆಸರಿಗಾಗಿ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರೋ ಪದಗಳನ್ನು ಹುಡುಕಿದಾಗ ‘ಸಾಂಬಾ’ ಸಿಕ್ಕಿತು. ನಮ್ಮ ಸಾಂಬಾರಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಆದರೆ ಉಪಕಾರ ದೊಡ್ಡದು. ಪುಕ್ಕಟೆ ಸಿಗೋ ಲಿನಕ್ಸ್ ಹಾಕಿದ ಯಾವುದೇ ಬಡ ಕಂಪ್ಯೂಟರು ಈಗ ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳಬಹುದಿತ್ತು. ಅಗ್ಗದ ಡಿಸ್ಕು, ಪುಕ್ಕಟೆ ಸಾಫ್ಟ್‌ವೇರು. ಮನೆಯ ಡಬ್ಬಿಗೆ ಬೇಕಾದ ಸಾಮಾನು ರೆಡಿ.

ಡಬ್ಬಿ ಮನೆಗೆ ಬಂತು

2000ದಲ್ಲಿ ತೈವಾನಿನಲ್ಲಿ ಸಿನಾಲಜಿ ಕಂಪನಿ ಶುರುವಾಯ್ತು, 2004ರಲ್ಲಿ ಅಲ್ಲೇ ಕ್ಯುನ್ಯಾಪ್. ಅದೇ ವರ್ಷ ಲಿಂಕ್‌ಸಿಸ್ ಕಂಪನಿ ‘ಎನ್‌ಎಸ್‌ಎಲ್‌ಯು2’ ಅನ್ನೋ, ಪುಸ್ತಕದಷ್ಟು ದೊಡ್ಡ ಪೆಟ್ಟಿಗೆ ತಂದಿತು. ಅದಕ್ಕೆ ಯುಎಸ್‌ಬಿ ಡಿಸ್ಕ್ ಚುಚ್ಚಿದರೆ ಮನೆಯವರೆಲ್ಲ ಬಳಸಬಹುದಿತ್ತು. ಒಳಗಿದ್ದದ್ದು ಲಿನಕ್ಸ್, ಉತ್ಸಾಹಿಗಳು ಬಿಚ್ಚಿ ತಮಗೆ ಬೇಕಾದ್ದನ್ನೆಲ್ಲ ಅದರಿಂದ ಮಾಡಿಸಿದರು.

2007ರ ಜನವರಿಯಲ್ಲಿ ಬಿಲ್ ಗೇಟ್ಸ್ ವಿಂಡೋಸ್ ಹೋಮ್ ಸರ್ವರ್ ಘೋಷಿಸಿದರು. ಮನೆಗೆ ಸರ್ವರ್ ಯಾಕೆ ಅಂತ ಜನಕ್ಕೆ ಅರ್ಥ ಮಾಡಿಸೋಕೆ ಮೈಕ್ರೋಸಾಫ್ಟ್ ಒಂದು ತಮಾಷೆಯ ಮಕ್ಕಳ ಪುಸ್ತಕವನ್ನೇ ಮಾಡಿಸಿತ್ತು. ಹೊರಗಿನಿಂದ ಮನೆಯ ಫೈಲ್ ತೆರೆಯೋದು ಅದರ ದೊಡ್ಡ ಆಕರ್ಷಣೆ. ಅದಕ್ಕಾಗಿ ಹೋಮ್‌ಸರ್ವರ್ ಡಾಟ್ ಕಾಮ್ ಕೆಳಗೆ ನಿಮ್ಮದೇ ಒಂದು ವಿಳಾಸ ಪುಕ್ಕಟೆ. ಮೊದಲ ಆವೃತ್ತಿಯಲ್ಲಿ ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದಾಗ, ಕೆಲವು ಪ್ರೋಗ್ರಾಮುಗಳಿಂದ ಸರ್ವರ್ ಮೇಲೇ ಫೈಲ್ ತಿದ್ದಿದರೆ ಅದು ಕೆಡುತ್ತಿತ್ತು. ಸರಿಹೋಗಿದ್ದು 2008ರ ಜುಲೈನಲ್ಲಿ. 2011ರ ಆವೃತ್ತಿಯೇ ಕೊನೆಯದಾಯ್ತು. ಡಬ್ಬಿ ಮನೆಯಲ್ಲೇ ಇತ್ತು. ಅದಕ್ಕೆ ದಾರಿ ತೋರಿಸೋ ವಿಳಾಸ ಮಾತ್ರ ಕಂಪನಿಯದಾಗಿತ್ತು. ಈ ಏರ್ಪಾಡನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಆ ಹೊತ್ತಿಗೆ ನಮ್ಮಲ್ಲಿ ಇದೆಲ್ಲ ದೂರದ ಮಾತು. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಭಾರತದಲ್ಲಿ 256 ಕೆಬಿಪಿಎಸ್ ಸಿಕ್ಕರೆ ಅದು ಬ್ರಾಡ್‌ಬ್ಯಾಂಡ್. ಆ ವೇಗ ಪೂರ್ತಿ ಸಿಕ್ಕರೂ 3 ಎಂಬಿಯ ಒಂದು ಫೋಟೋ ಹೋಗೋಕೆ ಒಂದೂವರೆ ನಿಮಿಷ. ಮನೆಗೆ ಫೈಬರ್ ಬಂದ ಮೇಲಷ್ಟೇ ಮನೆಯಿಂದ ಹೊರಗೆ ಡೇಟಾ ಕಳಿಸೋದು ನಮಗೆ ನಿಜವಾದ ಆಯ್ಕೆ ಆಯ್ತು.

ಸೆಕ್ಯುರಿಟಿಯವನೂ ಬಾಗಿಲೂ

ಹೊರಗಿನಿಂದ ಒಳಗೆ ಬರೋದು ಹೇಗೆ? ಮನೆಯ ರೂಟರ್ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನ ಹಾಗೆ. ಒಳಗಿನವರು ಹೊರಗೆ ಹೋಗಬಹುದು, ಅವರು ತರಿಸಿದ ಪಾರ್ಸೆಲ್ ಒಳಗೆ ಬರಬಹುದು, ಕರೆಯದೇ ಬಂದವರು ಗೇಟಿನಲ್ಲೇ ನಿಲ್ಲಬೇಕು. ಇದಕ್ಕೆ ಹಳೇ ಉಪಾಯ ಪೋರ್ಟ್ ಫಾರ್ವರ್ಡಿಂಗ್: ‘ಈ ನಂಬರ್ ಹೇಳಿದವರನ್ನೆಲ್ಲ ನೇರ ನಮ್ಮ ಫ್ಲಾಟಿಗೆ ಕಳಿಸಪ್ಪಾ’ ಅಂತ ಗೇಟಿನಲ್ಲಿ ಹೇಳಿಟ್ಟ ಹಾಗೆ. ಯುಪಿಎನ್‌ಪಿ ಅನ್ನೋದು ಇನ್ನೂ ಒಂದು ಹೆಜ್ಜೆ ಮುಂದೆ. ಡಬ್ಬಿಯೇ ಗೇಟಿಗೆ ಹೋಗಿ ಆ ಮಾತು ಹೇಳಿಬರುತ್ತೆ, ಯಜಮಾನರಾದ ನಿಮಗೆ ಗೊತ್ತೂ ಆಗಲ್ಲ.

2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಉಗ್ರಾಣದಲ್ಲಿದ್ದ ಹಳೇ ಮಾದರಿಯ ಇಂಟರ್ನೆಟ್ ವಿಳಾಸಗಳ ಕೊನೆಯ ಕಂತೂ ಹಂಚಿಹೋಯ್ತು. ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹಲವಾರು ಮನೆಗಳಿಗೆ ಹಂಚೋದು ಹೆಚ್ಚಾಯ್ತು. ಇದಕ್ಕೆ ಸಿಜಿನ್ಯಾಟ್ ಅಂತಾರೆ. ನಮ್ಮ ನಗರಗಳ ಎಷ್ಟೋ ಫೈಬರ್ ಕನೆಕ್ಷನ್‌ಗಳು ಇಂಥವೇ. ಇಡೀ ಲೇಔಟಿಗೆ ಒಂದೇ ಗೇಟು, ಅದರ ಸೆಕ್ಯುರಿಟಿಯವನು ನಿಮ್ಮ ಮಾತು ಕೇಳಲ್ಲ. ಪೋರ್ಟ್ ಫಾರ್ವರ್ಡಿಂಗ್ ನಡೆಯೋದೇ ಇಲ್ಲ.

ನ್ಯಾಸ್ ಕಂಪನಿಗಳ ಉತ್ತರ ಮಧ್ಯವರ್ತಿ ಸರ್ವರ್. ಡಬ್ಬಿ ಒಳಗಿನಿಂದ ಕಂಪನಿಯ ಸರ್ವರ್‌ಗೆ ಕರೆ ಮಾಡಿ ಕಾಯ್ತಿರುತ್ತೆ. ನಿಮ್ಮ ಫೋನೂ ಅಲ್ಲಿಗೇ ಕರೆ ಮಾಡುತ್ತೆ. ಕಂಪನಿ ಇಬ್ಬರನ್ನೂ ಸೇರಿಸುತ್ತೆ. ಆ್ಯಪ್ ಹಾಕಿ ಲಾಗಿನ್ ಆದರೆ ಮುಗೀತು. ಅನುಕೂಲ ನಿಜ. ಆದರೆ ಬೀಗದ ಕೈ ಇನ್ನೊಬ್ಬರ ಜೇಬಿಗೆ ಹೋಗಿದ್ದೂ ನಿಜ.

ಪೆಟ್ಟುಗಳು

2014ರ ಆಗಸ್ಟ್‌ನಲ್ಲಿ ಹಳೇ ಸಾಫ್ಟ್‌ವೇರಿನಲ್ಲೇ ಓಡುತ್ತಿದ್ದ ಸಿನಾಲಜಿ ಡಬ್ಬಿಗಳಿಗೆ ಸಿನೋಲಾಕರ್ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. 2017ರ ಮೇನಲ್ಲಿ ಜಗತ್ತನ್ನು ಸುತ್ತಿದ ವಾನಾಕ್ರೈ ಹರಡಿದ್ದು ವಿಂಡೋಸ್‌ನಲ್ಲಿ ಉಳಿದಿದ್ದ ಎಸ್‌ಎಂಬಿಯ ಮೊದಲ ಆವೃತ್ತಿಯ ಮೂಲಕ. ವಠಾರದ ಸಕ್ಕರೆ ಡಬ್ಬಿ ಬಸ್ ಸ್ಟ್ಯಾಂಡಿಗೆ ಬಂದಿತ್ತು. 2021ರ ಏಪ್ರಿಲ್‌ನಲ್ಲಿ ಕ್ಯುನ್ಯಾಪ್ ಡಬ್ಬಿಗಳಿಗೆ ಕ್ಯುಲಾಕರ್ ಬಂತು. ಅದು ದೊಡ್ಡ ಗೂಢಲಿಪಿ ಏನೂ ಬರೆಯಲಿಲ್ಲ. ಎಲ್ಲರಿಗೂ ಗೊತ್ತಿರೋ ಸೆವೆನ್‌ಜಿಪ್ ಬಳಸಿ ಫೈಲುಗಳನ್ನು ಪಾಸ್‌ವರ್ಡ್ ಹಾಕಿದ ಗಂಟುಗಳಾಗಿ ಕಟ್ಟಿಟ್ಟು, ಬಿಚ್ಚೋಕೆ 0.01 ಬಿಟ್‌ಕಾಯಿನ್ ಕೇಳಿತು.

ಎರಡು ತಿಂಗಳ ನಂತರ ನಡೆದಿದ್ದು ಇನ್ನೂ ಕ್ರೂರ. ಜೂನ್ 2021ರಲ್ಲಿ ಹಲವು ದೇಶಗಳ ಜನ ತಮ್ಮ ವೆಸ್ಟರ್ನ್ ಡಿಜಿಟಲ್ ‘ಮೈ ಬುಕ್ ಲೈವ್’ ತೆರೆದರೆ ಎಲ್ಲ ಖಾಲಿ. ಯಾರೋ ದೂರದಿಂದ ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟಿದ್ದರು. ಡಿಸ್ಕ್ ಆರೋಗ್ಯವಾಗಿಯೇ ಇತ್ತು, ವರ್ಷಗಟ್ಟಲೆಯ ಫೋಟೋ ಮಾತ್ರ ಇರಲಿಲ್ಲ. 2010ರಲ್ಲಿ ಬಂದ ಆ ಡಬ್ಬಿಗೆ ಕೊನೆಯ ಅಪ್‌ಡೇಟ್ ಸಿಕ್ಕಿದ್ದು 2015ರಲ್ಲಿ. ರೀಸೆಟ್‌ಗೆ ಮುಂಚೆ ಪಾಸ್‌ವರ್ಡ್ ಕೇಳೋ ಸಾಲುಗಳು ಅದರ ಪ್ರೋಗ್ರಾಮಿನಲ್ಲಿ ಇದ್ದವು. ಆದರೆ 2011ರಲ್ಲಿ ಕೋಡ್ ತಿದ್ದುವಾಗ ಅವು ನಿಷ್ಕ್ರಿಯವಾಗಿದ್ದವು. ಹತ್ತು ವರ್ಷ ಆ ಬಾಗಿಲಿಗೆ ಚಿಲಕ ಇರಲಿಲ್ಲ, ಯಾರೂ ತಳ್ಳಿ ನೋಡಿರಲಿಲ್ಲ ಅಷ್ಟೇ. ಸಿಕ್ಕಿಬಿದ್ದವರಿಗೆ ಡೇಟಾ ಮರಳಿ ಪಡೆಯೋ ಸೇವೆ ಕೊಡ್ತೀವಿ ಅಂತ ಆಮೇಲೆ ಕಂಪನಿ ಹೇಳಿತು.

2023ರಲ್ಲಿ ಅದೇ ಕಂಪನಿಯ ‘ಮೈ ಕ್ಲೌಡ್’ ಬಳಕೆದಾರರಿಗೆ ಇನ್ನೊಂದು ಬಗೆಯ ಅನುಭವ. ಮಾರ್ಚ್ ಕೊನೆಗೆ ಕಂಪನಿಯ ಜಾಲಕ್ಕೇ ಕಳ್ಳರು ನುಗ್ಗಿದರು. ಏಪ್ರಿಲ್ ಮೊದಲ ವಾರದಲ್ಲಿ ಕ್ಲೌಡ್ ಸೇವೆ ನಿಂತಿತು. ಲಾಗಿನ್ ಆಗೋದು ಕಂಪನಿಯ ಮೂಲಕವೇ ಆದ್ದರಿಂದ, ಎದುರಿನ ಟೇಬಲ್ ಮೇಲೆ ದೀಪ ಉರಿಸಿಕೊಂಡು ಕೂತಿದ್ದ ತಮ್ಮದೇ ಡಬ್ಬಿಯಿಂದ ತಮ್ಮದೇ ಫೈಲ್ ತೆಗೆಯೋಕೆ ಎಷ್ಟೋ ಜನಕ್ಕೆ ಕೆಲವು ದಿನ ಆಗಲಿಲ್ಲ. ಮನೆಯೊಳಗಿಂದ ನೇರ ತೆರೆಯೋ ದಾರಿಯನ್ನು ಕಂಪನಿ ಆಮೇಲೆ ತಿಳಿಸಿತು.

ಈ ಯಾವ ಘಟನೆಯಲ್ಲೂ ರೇಯ್ಡ್ ಸಹಾಯಕ್ಕೆ ಬರ್ತಿರಲಿಲ್ಲ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕಾಪಾಡುತ್ತೆ. ಅಳಿಸು ಅಂದರೆ ಎರಡೂ ಒಟ್ಟಿಗೇ ಅಳಿಸುತ್ತವೆ.

ಹಾಗಾದರೆ ಕ್ಲೌಡೇ ವಾಸಿ ಅಲ್ವಾ? ಒಂದು ಲೆಕ್ಕದಲ್ಲಿ ಹೌದು. ಬಾಗಿಲು ಕಾಯೋಕೆ ಅವರ ಹತ್ತಿರ ದಿನದ 24 ಗಂಟೆ ಜನ ಇದ್ದಾರೆ, ನಮ್ಮ ಮನೆಯಲ್ಲಿ ಅಪ್‌ಡೇಟ್ ಒತ್ತೋಕೂ ಪುರುಸೊತ್ತಿಲ್ಲ. ಆದರೆ ಕರಾರು ಬದಲಾಯಿಸೋ ಹಕ್ಕು ಅವರದು. ಗೂಗಲ್ ಫೋಟೋಸ್ 2015ರಲ್ಲಿ ಸ್ವಲ್ಪ ಕುಗ್ಗಿಸಿದ ಫೋಟೋಗಳಿಗೆ ಮಿತಿಯಿಲ್ಲದ ಪುಕ್ಕಟೆ ಜಾಗ ಕೊಟ್ಟಿತು. 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ 15 ಜಿಬಿ ಲೆಕ್ಕಕ್ಕೆ ಬಂದವು. ಯಾರೂ ಮೋಸ ಮಾಡಲಿಲ್ಲ. ಬಾಡಿಗೆ ಮನೆಯ ನಿಯಮವೇ ಹಾಗೆ.

ಕೊಳ್ಳುವ ಮುಂಚೆ

ಈಗ ಮೂರನೇ ದಾರಿಯೊಂದಿದೆ. 2020ರ ಮಾರ್ಚ್‌ನಲ್ಲಿ ವೈರ್‌ಗಾರ್ಡ್ ಅನ್ನೋ ವಿಪಿಎನ್ ಲಿನಕ್ಸ್ ಕರ್ನಲ್‌ನ ಒಳಗೇ ಸೇರಿತು. ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್‌ನಂಥ ಸೇವೆಗಳು ಸಿಜಿನ್ಯಾಟ್ ಹಿಂದೆಯೂ ಕೆಲಸ ಮಾಡುತ್ತವೆ. ಬೀದಿಗೆ ಬಾಗಿಲೇ ಇರಲ್ಲ. ನೀವು ಸೇರಿಸಿದ ಫೋನು, ಲ್ಯಾಪ್‌ಟಾಪುಗಳು ಮಾತ್ರ ಎಲ್ಲೇ ಇದ್ದರೂ ಮನೆಯೊಳಗೇ ಇರೋ ಹಾಗೆ ವರ್ತಿಸುತ್ತವೆ. ಅಂದರೆ ವಠಾರವನ್ನೇ ಜೊತೆಗೆ ಒಯ್ದ ಹಾಗೆ. ಟೇಲ್‌ಸ್ಕೇಲ್ ಥರದ ಸೇವೆಯಲ್ಲೂ ಸಾಧನಗಳನ್ನು ಪರಿಚಯ ಮಾಡಿಸೋ ಒಬ್ಬ ಮಧ್ಯವರ್ತಿ ಇರ್ತಾನೆ. ಆದರೆ ಅವನು ಇಲ್ಲವಾದರೂ ಮನೆಯೊಳಗಿನ ಕಪಾಟು ತೆರೆಯುತ್ತೆ. ವ್ಯತ್ಯಾಸ ಇರೋದು ಇಲ್ಲಿ.

ಆದ್ದರಿಂದ ಅಂಗಡಿಯವರನ್ನು ಟಿಬಿ ಕೇಳೋ ಮೊದಲು ಮೂರು ಪ್ರಶ್ನೆ ಕೇಳಿ. ಕಂಪನಿಯ ಖಾತೆ ಇಲ್ಲದೆ, ಇಂಟರ್ನೆಟ್ ಇಲ್ಲದೆ ಇದು ಮನೆಯೊಳಗೆ ಕೆಲಸ ಮಾಡುತ್ತಾ? ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ, ಈ ಮಾಡೆಲ್ ಈಗಾಗಲೇ ಎಷ್ಟು ಹಳೇದು? ವಿಪಿಎನ್ ಇದರಲ್ಲೇ ಹಾಕಬಹುದಾ? ಮೂರಕ್ಕೂ ನೇರ ಉತ್ತರ ಸಿಕ್ಕರೆ ಉಳಿದದ್ದು ಸುಲಭ. ಸಾಮಾನ್ಯ ಮನೆಗೆ ಎರಡು ಬೇ ಸಾಕು. 4 ಟಿಬಿಯ ಎರಡು ಡಿಸ್ಕ್ ಹಾಕಿ ಮಿರರ್ ಮಾಡಿದರೆ ಕೈಗೆ ಸಿಗೋದು 4 ಟಿಬಿ. ಕರೆಂಟು ಹೋಗಿಬರೋ ಏರಿಯಾ ಆದರೆ ಒಂದು ಸಣ್ಣ ಯುಪಿಎಸ್ ಇರಲಿ. ರೂಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ. ಮುಖ್ಯವಾದದ್ದರ ಇನ್ನೊಂದು ಪ್ರತಿ ಬೇರೆ ಜಾಗದಲ್ಲಿರಲಿ: ಊರಿನ ಮನೆಯ ಬೀರುವಿನಲ್ಲಿ ಒಂದು ಯುಎಸ್‌ಬಿ ಡಿಸ್ಕೋ, ಕ್ಲೌಡಿನ ಒಂದು ಸಣ್ಣ ಪ್ಲಾನೋ. ಕ್ಲೌಡ್ ಮೇಲೆ ಸಿಟ್ಟು ಮಾಡ್ಕೊಳ್ಳೋ ಅಗತ್ಯವಿಲ್ಲ, ಎರಡನೇ ಪ್ರತಿಗೆ ಅದು ಒಳ್ಳೇ ಜಾಗ.

ಡಬ್ಬಿ ತಂದು ಹೊಂದಿಸಿದ ದಿನವೇ, ವಾಪಸ್ ಕೊಡೋ ಗಡುವು ಮುಗಿಯೋ ಮೊದಲು, ರೂಟರಿಗೆ ಬರೋ ಫೈಬರ್ ವೈರನ್ನು ಒಂದು ಗಂಟೆ ತೆಗೆದಿಡಿ. ಆಮೇಲೆ ಮನೆಯಲ್ಲಿ ಕಂಪ್ಯೂಟರ್ ವಿಚಾರ ಅಷ್ಟಾಗಿ ಗೊತ್ತಿಲ್ಲದವರ ಕೈಗೆ ಲ್ಯಾಪ್‌ಟಾಪ್ ಕೊಟ್ಟು, ಹೋದ ವರ್ಷದ ಒಂದು ಫೋಟೋ ತೆಗೆಯೋಕೆ ಹೇಳಿ. ಅವರಿಗೆ ಸಿಕ್ಕಿತು ಅಂದರೆ ಡಬ್ಬಿ ಇಟ್ಟುಕೊಳ್ಳಿ. ಸಿಗದಿದ್ದರೆ ಪ್ಯಾಕ್ ಮಾಡಿ ವಾಪಸ್ ಕಳಿಸಿ.